ಅಪ್ಪ ಬರೆಯದ ಸಾಲುಗಳು

ಈ ಸಭೆಯ ಅಧ್ಯಕ್ಷರೂ ನಮ್ಮ ಬಂದರಿನ ನಿವೃತ್ತ ಅಧಿಕಾರಿಗಳೂ ಆದ ಹಿರಿಯರೇ, ಪುಸ್ತಕಕ್ಕೆ ಕಟ್ಟಿದ ದಾರ ಬಿಚ್ಚಲಾರದೆ ಕೊನೆಗೆ ಕತ್ತರಿ ತರಿಸಿಕೊಂಡು ಬಿಡುಗಡೆ ಮಾಡಿದ ಮುಖ್ಯ ಅತಿಥಿಗಳೇ, ಮುನ್ನುಡಿ ಬರೆದುಕೊಟ್ಟ ಪ್ರಾಧ್ಯಾಪಕರೇ, ಈ ಗ್ರಂಥಾಲಯದ ಸಿಬ್ಬಂದಿಯವರೇ, ನನ್ನ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ನಾನು ಏನು ತಪ್ಪು ಮಾತಾಡುತ್ತೇನೆಂದು ನೋಡಲು ಬಂದಿರುವ ಪ್ರೆಸ್ಸಿನ ಹಳೆಯ ಗೆಳೆಯರೇ, ಮತ್ತು ಸಭಿಕರೇ,

ಮುಖ್ಯ ಅತಿಥಿಗಳು ಬೇಸರ ಮಾಡಿಕೊಳ್ಳಬಾರದು. ಆ ಗಂಟು ಹಾಕಿದವಳು ನಾನೇ. ಅಪ್ಪ ಕಲಿಸಿದ್ದು. ಎಳೆದಷ್ಟೂ ಬಿಗಿಯಾಗುತ್ತದೆ, ಒಳಕ್ಕೆ ತಳ್ಳಿದರೆ ತಾನಾಗಿ ಸಡಿಲವಾಗುತ್ತದೆ. ಹೇಳೋಣವೆಂದುಕೊಂಡೆ, ಅಷ್ಟರಲ್ಲಿ ಫೋಟೋದವರು ಅಡ್ಡ ಬಂದರು.

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳು ನಾನು. ಅಲ್ಲಿ ನನ್ನನ್ನು ಅಲ್ಪವಿರಾಮದಮ್ಮ ಅಂತ ಕರೆಯುತ್ತಿದ್ದರು, ಎದುರಿಗಲ್ಲ, ಬೆನ್ನ ಹಿಂದೆ. ಹಾಗಾಗಿ ಮೊದಲು ಆಹ್ವಾನ ಪತ್ರಿಕೆಯ ತಪ್ಪು ತಿದ್ದಿಬಿಡುತ್ತೇನೆ. ಅದರಲ್ಲಿ ನಮ್ಮಪ್ಪನನ್ನು ‘ಸಾಗರವೀರ’ ಎಂದು ಅಚ್ಚು ಹಾಕಿಸಿದ್ದೀರಿ. ಅಪ್ಪ ವೀರನೂ ಅಲ್ಲ, ಕಪ್ತಾನನೂ ಅಲ್ಲ. ಇಪ್ಪತ್ತಮೂರು ವರ್ಷ ಸರಕು ಸಾಗಿಸುವ ಹಾಯಿಹಡಗುಗಳಲ್ಲಿ ದುಡಿದ ಬರೀ ಖಲಾಸಿ. ಖಲಾಸಿ ಅಂದರೆ ಏನು ಕೆಲಸ? ಹಗ್ಗ ಎಳೆಯುವುದು. ಎಳೆದದ್ದನ್ನು ಬಿಡುವುದು. ಗಾಳಿ ಜೋರಾದರೆ ಹಾಯಿ ಕಟ್ಟುವ ಕೂವೆಮರ ಹತ್ತಿ, ಅಡ್ಡಮರದ ಮೇಲೆ ಹೊಟ್ಟೆ ಒತ್ತಿ ಬಗ್ಗಿ, ಒದ್ದೆ ಹಾಯಿಯನ್ನು ಬೆರಳಲ್ಲಿ ಹಿಡಿದು ಮಡಿಸುವುದು. ಗಾಳಿ ನಿಂತರೆ ಹರಿದ ಹಾಯಿ ಹೊಲಿಯುವುದು. ಅಪ್ಪ ನನ್ನ ಕೆನ್ನೆ ಸವರಿದರೆ ಉರಿಯುತ್ತಿತ್ತು. ಅಂಗೈ ಅಷ್ಟು ಒರಟು.

ಈಗ ಪುಸ್ತಕದ ವಿಷಯ. ಅಪ್ಪ ಬಿಟ್ಟುಹೋದದ್ದು ಹನ್ನೊಂದು ನೋಟುಪುಸ್ತಕ. ನೀವು ಪುಟ ತಿರುಗಿಸಿ ನೋಡಿರುತ್ತೀರಿ. ‘ಗಾಳಿ ನೈಋತ್ಯ. ದೊಡ್ಡ ಹಾಯಿ ಇಳಿಸಿದೆವು. ಮಧ್ಯಾಹ್ನ ಏರಿಸಿದೆವು.’ ಮಾರನೆಯ ದಿನ: ‘ಗಾಳಿ ಪಶ್ಚಿಮ. ಎಡಗೈ ಹೆಬ್ಬೆರಳು ಹಗ್ಗಕ್ಕೆ ಸಿಕ್ಕಿತು. ಉಗುರು ಹೋಯಿತು. ಗಾಳಿ ಪಶ್ಚಿಮವೇ.’ ಇನ್ನೊಂದು ಕಡೆ: ‘ಬಿಸ್ಕತ್ತಿನಲ್ಲಿ ಹುಳ. ಕುಟ್ಟಿ ಉದುರಿಸಿ ತಿಂದೆವು.’ ಹೀಗೆ ನಾನೂರು ಪುಟ. ಹಾಯಿಹಡಗಿನ ಬದುಕು ಹೇಗಿತ್ತು ಎಂದು ತಿಳಿಯಲು ಇದು ದೊಡ್ಡ ನಿಧಿ ಎಂದು ಪ್ರಾಧ್ಯಾಪಕರು ಬರೆದಿದ್ದಾರೆ. ಇರಬಹುದು. ಅದೇ ಮುನ್ನುಡಿಯ ಒಂಬತ್ತನೆಯ ಪುಟದಲ್ಲಿ ಇನ್ನೊಂದು ಮಾತೂ ಇದೆ: ‘ಈ ಹನ್ನೊಂದು ಪುಸ್ತಕಗಳಲ್ಲಿ ಹೆಂಡತಿಯ ಬಗ್ಗೆ ಒಂದು ಸಾಲೂ ಇಲ್ಲ. ಕಡಲು ಇವನೊಳಗಿನ ಗೃಹಸ್ಥನನ್ನು ತೊಳೆದುಹಾಕಿತ್ತು.’

ಸಾರ್, ಆ ಕರಡು ತಿದ್ದಿದವಳು ನಾನೇ. ಒಂದು ದೀರ್ಘ ತಪ್ಪಿತ್ತು, ಸರಿಪಡಿಸಿದೆ. ಮಾತನ್ನು ಮುಟ್ಟಲಿಲ್ಲ. ಕರಡು ತಿದ್ದುವವರು ಇದ್ದದ್ದನ್ನು ಇದ್ದ ಹಾಗೆ ಬಿಡಬೇಕು. ಸ್ವಂತದ್ದು ಒಂದಕ್ಷರ ಸೇರಿಸಬಾರದು. ಪ್ರೆಸ್ಸಿಗೆ ಬಂದ ಹೊಸಬರಿಗೆಲ್ಲ ಇದನ್ನು ಹೇಳಿ ಹೇಳಿ ಅಳಿಸಿದ್ದೇನೆ. ಅಲ್ಲಿ ಹಿಂದಿನ ಸಾಲಿನಲ್ಲಿ ನಗುತ್ತಿದ್ದಾರಲ್ಲ, ಅವರನ್ನೂ ಅಳಿಸಿದ್ದೇನೆ. ಈ ಮುದುಕಿಗೆ ಯಾಕೆ ಇಷ್ಟು ಹಟ ಎಂದು ನೀವು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ. ಇವತ್ತು ಹೇಳುತ್ತೇನೆ.

ಹಗ್ಗದಂಗಡಿಯ ಮೇಲಿನ ಎರಡು ಕೋಣೆ ನಮ್ಮ ಮನೆ. ನೆಲದ ಹಲಗೆಯ ಸಂದಿಯಿಂದ ಟಾರಿನ ವಾಸನೆ ಮೇಲಕ್ಕೆ ಬರುತ್ತಿತ್ತು. ಅಪ್ಪ ಹೋದರೆ ಒಂದೂವರೆ ವರ್ಷ, ಬಂದರೆ ಒಂದೂವರೆ ತಿಂಗಳು. ಆ ಬೀದಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಯ ಗಂಡಸರೂ ಹಡಗಿನವರೇ. ನಾಲ್ಕು ಮನೆಯವರು ಅಪ್ಪನ ಹಡಗಿನಲ್ಲೇ ಇದ್ದರು. ಅವರೆಲ್ಲ ಅಪ್ಪನನ್ನು ಕಾಗದದಣ್ಣ ಅನ್ನುತ್ತಿದ್ದರು. ಸದಾ ನೋಟುಪುಸ್ತಕ ಹಿಡಿದಿರುತ್ತಾನಲ್ಲ, ಅದಕ್ಕೆ ಎಂದುಕೊಂಡಿದ್ದೆ.

ಬೀದಿಯ ಕೊನೆಗೆ ನಲ್ಲಿ. ಟಪಾಲು ಬಂದ ಮಾರನೆಯ ಬೆಳಿಗ್ಗೆ ಅಲ್ಲಿ ಕೊಡ ತುಂಬುವುದಕ್ಕಿಂತ ಹೆಚ್ಚಾಗಿ ಮಾತೇ ತುಂಬುತ್ತಿತ್ತು. ಯಾರ ಗಂಡ ಏನು ಬರೆದ? ಎದುರುಮನೆ ಅತ್ತೆಗೆ ಓದು ಬರದು. ಅಪ್ಪನ ಹಡಗಿನ ಅಡುಗೆಯವನು ಅವಳ ಗಂಡ. ಅವನ ಕಾಗದವನ್ನು ಹಗ್ಗದಂಗಡಿಯ ಗುಮಾಸ್ತೆ ಓದಿ ಹೇಳುತ್ತಿದ್ದರು, ಅತ್ತೆ ಅದನ್ನು ನಲ್ಲಿಯ ಹತ್ತಿರ ಬಾಯಿಪಾಠ ಒಪ್ಪಿಸುತ್ತಿದ್ದಳು. “ಕೇಳ್ರೇ ಇಲ್ಲಿ, ಏನು ಬರ್ದಿದಾರೆ ಅಂತ. ‘ನಿನ್ನ ದನಿ ಎಲ್ಲಿ ಮರ್ತುಹೋಗುತ್ತೋ ಅಂತ ಭಯ ಆಗುತ್ತೆ. ಅದಕ್ಕೇ ನೀನು ಬೈದದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡ್ಕೊಳ್ತೀನಿ’ ಅಂತೆ!” ಎಲ್ಲರೂ ನಕ್ಕರು. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಸಾಲಿನಲ್ಲಿ ನನ್ನನ್ನು ನಿಲ್ಲಿಸಿ ಹೋಗಿದ್ದ ನಮ್ಮಮ್ಮ ಆಮೇಲೆ ಬಂದು ಕೊಡ ಎತ್ತಿಕೊಂಡಳು. ಯಾರೋ ಕೇಳಿದರು, “ನಿಮ್ಮವ್ರು ಏನು ಬರ್ದಿದ್ರು?” ಅಮ್ಮ ಹೇಳಿದಳು, “ಎಲ್ಲಾ ಚೆನ್ನಾಗಿದೆಯಂತೆ.”

ಏನು ಚೆನ್ನಾಗಿತ್ತು? ಹಿಂದಿನ ದಿನ ಆ ಕಾಗದ ಓದಿದವಳು ನಾನು. ಅಮ್ಮನಿಗೂ ಓದು ಬರದು. ನನಗೆ ಒಂಬತ್ತು ವರ್ಷ. ‘ಗಾಳಿ ಪೂರ್ವ. ನಾಲ್ಕು ದಿನ ಹಡಗು ನಿಂತಲ್ಲೇ ನಿಂತಿತ್ತು. ಮೂರು ಹಾಯಿ ಹೊಲಿದೆ. ಮಗಳು ಶಾಲೆ ತಪ್ಪಿಸಬಾರದು.’ ಇಷ್ಟು. ನಾನು ಓದಿ ಮುಗಿಸಿದ ಮೇಲೆ ಅಮ್ಮ ಕೇಳಿದಳು, “ಹಿಂದೆ ಏನಾದ್ರೂ ಇದೆಯಾ ನೋಡು.” ಹಾಳೆ ತಿರುಗಿಸಿದೆ. ಖಾಲಿ. “ಇಲ್ಲಮ್ಮ.” ಅಮ್ಮ ಆ ಖಾಲಿ ಹಾಳೆಯನ್ನು ಒಮ್ಮೆ ಕೈಯಿಂದ ಸವರಿ, ಮಡಿಸಿ, ಡಬ್ಬಿಯಲ್ಲಿ ಇಟ್ಟಳು.

ಮುಂದಿನ ಕಾಗದ ಬಂದಾಗ ನಾನು ಸೇರಿಸಿದೆ. ಹೌದು, ಸಭಿಕರೇ, ಅಲ್ಪವಿರಾಮಕ್ಕೂ ಜಗಳವಾಡುವ ನಾನೇ ಸೇರಿಸಿದೆ. ಗಾಳಿ, ಹಾಯಿ, ಹಗ್ಗ ಎಲ್ಲ ಓದಿ, ಉಸಿರು ತೆಗೆದುಕೊಂಡು, “ಹಿಂದೆ ಇದೆಯಮ್ಮ” ಎಂದು ಹಾಳೆ ತಿರುಗಿಸಿ, ನಲ್ಲಿಯ ಹತ್ತಿರ ಕದ್ದ ಅದೇ ಮಾತನ್ನು ಓದಿದೆ. ನೀನು ಬೈದದ್ದನ್ನೆಲ್ಲ ನೆನಪು ಮಾಡಿಕೊಳ್ಳುತ್ತೇನೆ. ಅಮ್ಮ ಸೆರಗು ಸರಿಮಾಡಿಕೊಂಡಳು. ಆಮೇಲೆ, “ನಾನು ಅಷ್ಟೊಂದು ಬೈದಿದ್ದೀನೇನೇ?” ಅಂದಳು. ಮುಖ ಕೆಂಪಾಗಿತ್ತು. ಅಮ್ಮನಿಗೂ ನಾಚಿಕೆಯಾಗುತ್ತದೆ ಎಂದು ನನಗೆ ಗೊತ್ತಾದದ್ದು ಆವತ್ತು.

ಅಲ್ಲಿಂದ ಶುರುವಾಯಿತು. ನಲ್ಲಿಯಲ್ಲಿ ಕೇಳಿದ್ದು ಮೇಲಿನ ಕೋಣೆಯಲ್ಲಿ ಬಿಕರಿ. ಆದರೆ ಸುಳ್ಳಿಗೆ ಬೇಕಾದಷ್ಟು ಕೆಲಸವೂ ಇರುತ್ತದೆ. ಅಮ್ಮ ಹಳೆಯ ಕಾಗದಗಳನ್ನು ಮತ್ತೆ ಮತ್ತೆ ಓದಿಸುತ್ತಿದ್ದಳು. ಒಂದು ಪದ ಆಚೀಚೆಯಾದರೆ, “ಮೊದ್ಲು ಓದಿದಾಗ ಹಾಗಿರ್ಲಿಲ್ವಲ್ಲ” ಅನ್ನುವಳು. ಹಾಗಾಗಿ ಕಾಗದದ ಹಿಂದೆ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದಿಟ್ಟುಕೊಂಡೆ. “ಏನೇ ಅದು?” “ಶಾಲೆದು ಅಮ್ಮ, ಲೆಕ್ಕ.” ಅಮ್ಮ ಉತ್ತರ ಹೇಳಿ ಬರೆಸುವಾಗ ಇನ್ನೊಂದು ಪೇಚು. ಅಪ್ಪ ಬರೆಯದ ಮಾತಿಗೆ ಅಮ್ಮ ಕೊಡುವ ಉತ್ತರವನ್ನು ಬರೆದಂತೆ ಮಾಡಿ ಬಿಟ್ಟುಬಿಡಬೇಕು. ಒಂದು ಸಲ ಮಾತ್ರ ಮೈಮರೆತು ಬರೆದುಬಿಟ್ಟೆ: ‘ಹಳೆಯ ಬೈಗುಳ ನೆನಪು ಮಾಡಿಕೊಳ್ಳಬೇಡಿ, ಬಂದ ಮೇಲೆ ಹೊಸದಾಗಿ ಬೈಯುತ್ತೇನೆ.’ ಟಪಾಲು ಡಬ್ಬಿಗೆ ಹಾಕಿದ ಮೇಲೆ ನೆನಪಾಯಿತು. ಕೈ ಒಳಗೆ ಹೋಗುತ್ತದೆಯೇ ಎಂದು ನೋಡಿದೆ. ಮೊಣಕೈವರೆಗೆ ಹೋಯಿತು, ಕಾಗದ ಸಿಗಲಿಲ್ಲ.

ಸ್ವಲ್ಪ ನೀರು ಕುಡಿಯುತ್ತೇನೆ. ಅಧ್ಯಕ್ಷರು ಗಡಿಯಾರ ನೋಡಬಾರದು.

ನನಗೆ ಹನ್ನೆರಡು ತುಂಬಿದ ವರ್ಷ ಅಮ್ಮ ಮಲಗಿಬಿಟ್ಟಳು. ಜ್ವರ ಬಿಟ್ಟರೂ ಏಳಲಿಲ್ಲ. ಗಂಜಿ ಇಟ್ಟರೆ ಗೋಡೆಯ ಕಡೆ ತಿರುಗುತ್ತಿದ್ದಳು. ಡಾಕ್ಟರು ನನ್ನನ್ನು ಮೆಟ್ಟಿಲ ಹತ್ತಿರ ಕರೆದು, “ದೊಡ್ಡೋರು ಯಾರೂ ಇಲ್ವೇನಮ್ಮ?” ಎಂದು ಕೇಳಿದರು. ಇರಲಿಲ್ಲ. ಆ ವಾರ ಕಾಗದ ಬಂತು. ಗಾಳಿ, ಹಾಯಿ, ಮೂರು ಸಾಲು. ನಾನು ಹಾಳೆ ತಿರುಗಿಸಿ ಖಾಲಿ ಬೆನ್ನಿನಿಂದ ಓದಿದೆ: “ಇದೇ ಕೊನೆಯ ಯಾನ. ಬಂದ ಮೇಲೆ ಮತ್ತೆ ಹೋಗುವುದಿಲ್ಲ. ಊರಲ್ಲೇ ಹಾಯಿ ಹೊಲಿಯುವ ಕೆಲಸ ಹಿಡಿಯುತ್ತೇನೆ. ಇದು ನಾನು ಬರೆದು ಕೊಟ್ಟ ಮಾತು.”

ಅಮ್ಮ ಎದ್ದು ಕೂತಳು. ಗಂಜಿ ಕುಡಿದಳು. ಮಾರನೆಯ ವಾರ ಕೊಡ ಹಿಡಿದು ನಲ್ಲಿಗೆ ಹೋಗಿ, ಮೊದಲನೆಯ ಸಲ, ಯಾರೂ ಕೇಳದೆಯೇ ಹೇಳಿದಳು, “ನಮ್ಮವ್ರು ಇನ್ನು ಹೋಗಲ್ವಂತೆ. ಬರ್ದಿದಾರೆ.” ಹಾಯಿ ಹೊಲಿಯುವ ಕೊಠಡಿಯ ಯಜಮಾನನ ಹತ್ತಿರ ತಾನೇ ಹೋಗಿ ಕೆಲಸ ಕೇಳಿ ಬಂದಳು. ಅಪ್ಪನಿಗೆ ಗೋಡೆಯಲ್ಲಿ ಒಂದು ಗೂಟ ಹೊಡೆಸಿದಳು. ಅದುವರೆಗೆ ಅಪ್ಪನ ಅಂಗಿಗೆ ಆ ಮನೆಯಲ್ಲಿ ಗೂಟ ಇರಲಿಲ್ಲ, ನೋಡಿ.

ಅಪ್ಪ ಬಂದ. ಕೈಕಾಲು ತೊಳೆಯುತ್ತಿದ್ದಾಗಲೇ ಅಮ್ಮ ಗೂಟ ತೋರಿಸಿ ಹೇಳಿದಳು, “ಇನ್ನು ಹೋಗಲ್ಲ ಅಂತ ಬರೆದಿದ್ರಲ್ಲ, ಎಲ್ಲಾ ಸಿದ್ಧ ಮಾಡಿದ್ದೀನಿ.” ನಾನು ಟವೆಲ್ಲು ಹಿಡಿದು ನಿಂತಿದ್ದೆ. ಅಪ್ಪ ನನ್ನನ್ನು ನೋಡಿದ. ಆಮೇಲೆ ನನ್ನ ಕೈಯಿಂದ ಟವೆಲ್ಲು ತೆಗೆದುಕೊಂಡು ಹೇಳಿದ, “ಹೌದು. ಬರ್ದಿದ್ದೆ.”

ಎರಡು ತಿಂಗಳು ಅಪ್ಪ ಹೊಲಿಗೆಯ ಕೊಠಡಿಗೆ ಹೋದ. ಅಂಗಿ ಗೂಟದಲ್ಲಿ ತೂಗಿತು. ನಾವು ಮೂವರೂ ಒಟ್ಟಿಗೆ ಊಟ ಮಾಡಿದೆವು. ಅಷ್ಟರಲ್ಲಿ ಬಂದರಿಗೆ ಹೊಗೆ ಹಡಗುಗಳು ಬರತೊಡಗಿದ್ದವು. ಹೊಗೆ ಹಡಗಿಗೆ ಯಾರು ಹಾಯಿ ಹೊಲಿಸುತ್ತಾರೆ? ಕೊಠಡಿಯಲ್ಲಿ ಮೂರು ಜನರನ್ನು ಬಿಡಿಸಿದರು, ಕೊನೆಗೆ ಬಂದವನು ಮೊದಲು. ಅಪ್ಪ ಒಂದು ತಿಂಗಳು ಹಡಗು ನಿಲ್ಲುವ ಧಕ್ಕೆಯ ಮೇಲೆ ಕೂಲಿ ಕೇಳುತ್ತ ತಿರುಗಿದ. ಕೊನೆಗೆ ಮತ್ತೆ ಹಡಗಿಗೆ ಹೆಸರು ಕೊಟ್ಟು ಬಂದ.

ಅಮ್ಮ ಕೂಗಾಡಲಿಲ್ಲ. “ಹೋಗೋದಾದ್ರೆ ಹೋಗಿ. ಆದ್ರೆ ಯಾಕೆ ಬರೆದು ಕೊಟ್ರಿ? ಬರೆಯದೇ ಇದ್ದಿದ್ರೆ ನಾನು ಕೇಳ್ತಿದ್ನಾ?” ಅಂದಳು. ಅಪ್ಪ ಅಲ್ಲೇ ಒಂದು ಮಾತು ಹೇಳಬಹುದಿತ್ತು. ‘ನಾನು ಬರೆಯಲಿಲ್ಲ’ ಎನ್ನಬಹುದಿತ್ತು. ಡಬ್ಬಿ ತೆಗೆದು, ಆ ಕಾಗದವನ್ನು ಗುಮಾಸ್ತೆಯ ಕೈಲಿ ಓದಿಸಿದ್ದರೆ ಮುಗಿಯುತ್ತಿತ್ತು. ನಾನು ಬಾಗಿಲ ಹಿಂದೆ ನಿಂತು ಅದನ್ನೇ ಕಾಯುತ್ತಿದ್ದೆ. ಅಪ್ಪ ಹೇಳಿದ, “ತಪ್ಪಾಯ್ತು ಕಣೇ.”

ನಾನಾದರೂ ಹೇಳಬಹುದಿತ್ತಲ್ಲವೇ? ಹದಿಮೂರು ವರ್ಷದವಳಿಗೆ ಬಾಯಿರಲಿಲ್ಲವೇ? ಇತ್ತು. ಭಯವೂ ಇತ್ತು. ಭಯ ಗೆದ್ದಿತು.

ಹಡಗು ಹೊರಡುವಾಗ ಅಮ್ಮ ಪ್ರತಿ ಸಲ ಧಕ್ಕೆಯಲ್ಲಿ ಹಡಗಿನ ಹಗ್ಗ ಸುತ್ತುವ ಮೂರನೆಯ ಕಬ್ಬಿಣದ ಗೂಟದ ಹತ್ತಿರ ನಿಲ್ಲುತ್ತಿದ್ದಳು. ಅಪ್ಪ ಅಡ್ಡಮರದ ಮೇಲಿರುತ್ತಿದ್ದ. ಹಾಯಿ ಬಿಚ್ಚುವವನಿಗೆ ಕೈಬೀಸಲು ಕೈ ಇರುವುದಿಲ್ಲ. ಮೇಲಿನಿಂದ ಹುಡುಕದೆ ಕಾಣಲಿ ಎಂದು ಒಂದೇ ಜಾಗ. ಆ ಸಲ ಅಮ್ಮ ಬರಲಿಲ್ಲ. ನಾನೊಬ್ಬಳೇ ನಿಂತೆ. ಹತ್ತುವ ಮೊದಲು ಅಪ್ಪ ನನ್ನ ಹತ್ತಿರ ಬಂದು ತಲೆಯ ಮೇಲೆ ಕೈಯಿಟ್ಟ. “ಅಮ್ಮನಿಗೆ ಕಾಗದ ಓದಿ ಹೇಳು. ನೀನು ಚೆನ್ನಾಗಿ ಓದ್ತೀಯ.” ಅಷ್ಟೇ. ಅದು ಬೈಗುಳವೋ ಆಶೀರ್ವಾದವೋ ಎಂದು ಐವತ್ತೇಳು ವರ್ಷ ನನಗೆ ಗೊತ್ತಾಗಲಿಲ್ಲ.

ಹಾಯಿಹಡಗಿನವರಲ್ಲಿ ಒಂದು ರೂಢಿಯಿತ್ತು. ನಡುಗಡಲಲ್ಲಿ ಮನೆಯ ಕಡೆ ಹೋಗುವ ಹಡಗು ಎದುರಾದರೆ ದೋಣಿ ಇಳಿಸಿ ತಮ್ಮ ಕಾಗದಗಳನ್ನು ಅದಕ್ಕೆ ಕೊಟ್ಟು ಕಳಿಸುತ್ತಿದ್ದರು. ಹಾಗೆ ಐದು ತಿಂಗಳ ಮೇಲೆ, ಮುಖ ಪರಿಚಯವಿಲ್ಲದ ಒಬ್ಬ ಖಲಾಸಿ ನಮ್ಮ ಮೆಟ್ಟಿಲು ಹತ್ತಿ ಬಂದು, “ಕಾಗದದಣ್ಣನ ಮನೆ ಇದೇನಾ?” ಎಂದು ಕೇಳಿ ಒಂದು ಕಟ್ಟು ಕೊಟ್ಟ. ಹಾಯಿಬಟ್ಟೆಯಲ್ಲಿ ಸುತ್ತಿ ನಾಲ್ಕೂ ಕಡೆ ಹೊಲಿದ ಕಟ್ಟು. ಅಪ್ಪನ ಹೊಲಿಗೆ. ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಬಿಚ್ಚಲಾ ಅಮ್ಮ?” ಎಂದು ಕೇಳಿದೆ. “ಬೇಡ. ಬರೆದದ್ದೆಲ್ಲಾ ಸಾಕು. ಬಂದ್ಮೇಲೆ ಅವರೇ ಓದ್ಲಿ.” ಟ್ರಂಕಿನ ತಳದಲ್ಲಿ ಇಟ್ಟಳು.

ನನಗೆ ಎಷ್ಟು ನಿರಾಳವಾಯಿತು ಗೊತ್ತೇ? ಅದರೊಳಗೆ ನನ್ನ ಕಳ್ಳತನ ಇದೆ, ಅಪ್ಪ ಎಲ್ಲವನ್ನೂ ಬರೆದಿದ್ದಾನೆ ಎಂದುಕೊಂಡಿದ್ದೆ. ಹಾಗಾಗಿ ಎರಡನೆಯ ಸಲ ಕೇಳಲಿಲ್ಲ.

ಆ ಹಡಗು ಯಾವ ಬಂದರನ್ನೂ ಮುಟ್ಟಲಿಲ್ಲ. ಒಂದು ವರ್ಷ ಕಾದ ಮೇಲೆ ಕಂಪನಿಯವರು ಹೆಸರುಗಳ ಪಟ್ಟಿ ಅಂಟಿಸಿದರು. ಎದುರುಮನೆ ಅತ್ತೆಯ ಗಂಡನದೂ ಇತ್ತು, ಅಪ್ಪನದೂ ಇತ್ತು. ಅತ್ತೆ ಬೀದಿಯಲ್ಲೇ ಕುಸಿದು ಅತ್ತಳು. ಅಮ್ಮ ಅಳಲಿಲ್ಲ. ಮನೆಗೆ ಬಂದು ಗೂಟದ ಕೆಳಗೆ ಕೂತು, “ಹೋಗಲ್ಲ ಅಂದಿದ್ರು” ಎಂದಳು. ತೊಂಬತ್ತರ ತನಕ ಬದುಕಿದಳು. ಆಗಾಗ ನಾನು ಟ್ರಂಕಿನ ಕಡೆ ನೋಡಿದರೆ, “ಅವರೇ ಬಂದು ಓದ್ಲಿ” ಎನ್ನುವಳು. ಮಾತು ತಪ್ಪಿದ ಗಂಡ ಎಂದೇ ನಂಬಿ ಹೋದಳು. ಆ ಮಾತು ಕೊಟ್ಟವಳು ಪಕ್ಕದಲ್ಲೇ ಕೂತು ಅವಳಿಗೆ ಮಾತ್ರೆ ಕೊಡುತ್ತಿದ್ದಳು.

ಎರಡು ವರ್ಷದ ಹಿಂದೆ ಅಮ್ಮನ ಕಾರ್ಯಗಳೆಲ್ಲ ಮುಗಿದ ಮೇಲೆ ಹೊಲಿಗೆ ಬಿಚ್ಚಿದೆ. ಒಳಗೆ ಒಂದು ಕಾಗದ, ಒಂದು ನೋಟುಪುಸ್ತಕ. ಹನ್ನೆರಡನೆಯದು. ಪ್ರೆಸ್ಸಿಗೆ ನಾನು ಕೊಡದೆ ಉಳಿಸಿಕೊಂಡದ್ದು. ಇಗೋ, ಇದೇ.

ಇದರಲ್ಲಿ ಗಾಳಿಯ ಸುದ್ದಿ ಇಲ್ಲ. ಅಪ್ಪನ ಹಡಗಿನಲ್ಲಿ ಬರೆಯಲು ಬರುತ್ತಿದ್ದ ಖಲಾಸಿ ಅಪ್ಪನೊಬ್ಬನೇ. ಎಲ್ಲರ ಮನೆಗೂ ಅಪ್ಪನೇ ಕಾಗದ ಬರೆದುಕೊಡುತ್ತಿದ್ದ. ಕಾಗದದಣ್ಣ ಎಂದದ್ದು ಅದಕ್ಕೆ. ಆ ಕಾಗದಗಳ ಕರಡು ಇಲ್ಲಿವೆ. ಎಂಟನೆಯ ಪುಟ, ‘ಅಡುಗೆಯವನ ಹೆಂಡತಿಗೆ’: ‘ನಿನ್ನ ದನಿ ಎಲ್ಲಿ ಮರೆತುಹೋಗುತ್ತದೋ ಎಂದು ಭಯವಾಗುತ್ತದೆ. ಅದಕ್ಕೇ ನೀನು ಬೈದದ್ದನ್ನೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತೇನೆ.’ ಅದರ ಕೆಳಗೆ: ‘ಅವನಿಗೆ ಏನು ಬರೆಸಬೇಕೆಂದು ತೋಚಲಿಲ್ಲ. ನನ್ನದನ್ನೇ ಕೊಟ್ಟೆ. ನನ್ನ ಮನೆಯ ಕಾಗದ ಓದುವವಳು ಒಂಬತ್ತು ವರ್ಷದ ಮಗಳು. ಈ ಮಾತನ್ನು ಅವಳ ಬಾಯಿಗೆ ಹೇಗೆ ಹಾಕಲಿ?’

ಹದಿನೈದನೆಯ ಪುಟ: ‘ಮನೆಯಿಂದ ಕಾಗದ. ಅಡುಗೆಯವನ ಹೆಂಡತಿಗೆ ಬರೆದ ಮಾತಿಗೆ ನನ್ನ ಹೆಂಡತಿ ಉತ್ತರ ಕೊಟ್ಟಿದ್ದಾಳೆ. ಅಕ್ಷರ ಮಗಳದು. ಮಗಳು ಕದ್ದಿದ್ದಾಳೆ. ಕದ್ದದ್ದು ಸೇರಬೇಕಾದ ಮನೆಗೇ ಸೇರಿದೆ. ಮೂರು ಸಲ ಓದಿದೆ.’

ಪ್ರಾಧ್ಯಾಪಕರೇ, ಎರಡನೆಯ ಮುದ್ರಣದಲ್ಲಿ ಒಂಬತ್ತನೆಯ ಪುಟ ತಿದ್ದಬೇಕು.

ಕೊನೆಯ ಪುಟ ನನಗೆ ಬರೆದದ್ದು: ‘ಮಗಳಿಗೆ. ಅಮ್ಮ ಸಿಟ್ಟಿನಲ್ಲಿದ್ದಾಳೆ. ಕಾಗದದ ಹಿಂದೆ ನೀನು ಪೆನ್ಸಿಲಿನಲ್ಲಿ ಬರೆದದ್ದನ್ನೆಲ್ಲ ಊರಲ್ಲಿದ್ದಾಗ ನೋಡಿದೆ. ಪೆನ್ಸಿಲು ಅಳಿಸಿಹೋಗುತ್ತದೆ. ಈ ಸಲದ ಕಾಗದವನ್ನು ಸಾಲು ಬಿಟ್ಟು ಸಾಲು ಬರೆದಿದ್ದೇನೆ. ಖಾಲಿ ಸಾಲಿನಲ್ಲಿ ನೀನು ಮಸಿಯಲ್ಲೇ ಬರೆದು ಓದು. ಅಮ್ಮನಿಗೆ ಏನು ಬೇಕೆಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು.’

ಅದು ಆಶೀರ್ವಾದವಾಗಿತ್ತು, ಸಭಿಕರೇ. ಹದಿಮೂರನೆಯ ವಯಸ್ಸಿನಲ್ಲಿ ನನ್ನ ಕೈಗೆ ಬಂದಿತ್ತು. ಒಂದು ಕತ್ತರಿ ಸಾಕಾಗಿತ್ತು.

ಎರಡು ವರ್ಷದಿಂದ ಲೇಖನಿ ಹಿಡಿದು ಆ ಖಾಲಿ ಸಾಲುಗಳ ಮುಂದೆ ಕೂರುತ್ತಿದ್ದೇನೆ. ಒಂದು ಪದವೂ ಬರಲಿಲ್ಲ. ಕೇಳುವವಳು ಇದ್ದಾಗ ಎಷ್ಟು ಸಲೀಸಾಗಿ ಬರುತ್ತಿತ್ತು! ಇವತ್ತು ಆ ಕಾಗದವನ್ನು ಮೊದಲನೆಯ ಸಲ ಗಟ್ಟಿಯಾಗಿ ಓದುತ್ತೇನೆ, ಇದ್ದದ್ದನ್ನು ಇದ್ದ ಹಾಗೆ. ಖಾಲಿ ಸಾಲು ಬಂದಾಗ ಸುಮ್ಮನಿರುತ್ತೇನೆ. ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ.

‘ಗಾಳಿ ಆಗ್ನೇಯ. ಹಡಗು ಚೆನ್ನಾಗಿ ಓಡುತ್ತಿದೆ.’

...

‘ಹಳೆಯ ಹಾಯಿ ಬಿಚ್ಚಿ ಹೊಸದು ಕಟ್ಟಿದೆವು.’

...

‘ಹೊರಡುವ ದಿನ ಮೇಲಿನಿಂದ ಮೂರನೆಯ ಗೂಟ ನೋಡಿದೆ. ಮಗಳು ಕಂಡಳು.’

...

ಇಷ್ಟೇ ಇದೆ. ಇದರ ಹಿಂದೆಯೂ ತಿರುಗಿಸಿ ನೋಡಿದೆ ಅಮ್ಮ. ಖಾಲಿ.

ಕ್ಷಮಿಸಿ, ಸಭೆಯಲ್ಲಿದ್ದೇನೆ ಎನ್ನುವುದು ಮರೆತುಹೋಯಿತು. ಪುಸ್ತಕ ಅಚ್ಚು ಹಾಕಿದವರಿಗೆ, ಕುರ್ಚಿ ಹಾಕಿದವರಿಗೆ, ಇಷ್ಟು ಹೊತ್ತು ನನಗೆ ಕಿವಿ ಕೊಟ್ಟ ನಿಮಗೆಲ್ಲರಿಗೂ ನನ್ನ ಕೃತಜ್ಞತೆ. ಓದಿ ಮುಗಿಸಿದ್ದೇನೆ. ನಮಸ್ಕಾರ.